ಅಡಿಟಿಪ್ಪಣಿಯಿಲ್ಲದ ಹಡಗು

ಹಳೆಯ ಹಸ್ತಪ್ರತಿಯೊಂದನ್ನು ಎದುರಿಗಿಟ್ಟುಕೊಂಡಾಗ ಸಂಪಾದಕ ಕೇಳುವ ಮೊದಲ ಪ್ರಶ್ನೆಗಳು ತುಂಬ ಸರಳ. ಇದನ್ನು ಯಾರು ಬರೆಸಿದರು? ಯಾರು ನಕಲು ಮಾಡಿದರು? ಯಾವ ಗರಿ ಕಳೆದುಹೋಗಿದೆ? ಯಾವುದನ್ನು ಆಮೇಲೆ ಸೇರಿಸಿದ್ದಾರೆ? ಪಾಠಾಂತರಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಇವು ದಿನವೂ ಎದುರಾಗುವ ಪ್ರಶ್ನೆಗಳು. ಇವನ್ನೇ ಕಾಗದಕ್ಕೂ ತಾಳೆಗರಿಗೂ ಸಂಬಂಧವಿಲ್ಲದ ಒಂದು ವಸ್ತುವಿಗೆ, ಅಂದರೆ ನಿವೃತ್ತಿಯಾಗಿ ಮ್ಯೂಸಿಯಂ ಆಗಿರುವ ಒಂದು ಯುದ್ಧನೌಕೆಗೆ ಕೇಳಿದರೆ ಏನು ಸಿಗುತ್ತದೆ ಎಂದು ನೋಡುವುದು ಈ ಬರಹದ ಉದ್ದೇಶ.

ಆ ನೌಕೆಯ ಹೆಸರು ಮಿಕಾಸಾ. ಟೋಕಿಯೋದ ದಕ್ಷಿಣಕ್ಕಿರುವ ಬಂದರು ನಗರ ಯೊಕೊಸುಕಾದ ಉದ್ಯಾನವೊಂದರಲ್ಲಿ ಅದು ಕಾಂಕ್ರೀಟಿನಲ್ಲಿ ಹೂತು ನಿಂತಿದೆ. 1906ರಲ್ಲಿ ಬ್ರಿಟನ್ನಿನ ಡ್ರೆಡ್‌ನಾಟ್ ಬಂದು ಹಳೆಯ ಯುದ್ಧನೌಕೆಗಳನ್ನೆಲ್ಲ ಒಮ್ಮೆಗೇ ಹಿಂದಿನ ಕಾಲದವನ್ನಾಗಿ ಮಾಡಿತು. ಹಾಗೆ ಹಿಂದಿನ ಕಾಲಕ್ಕೆ ಸರಿದುಹೋದವುಗಳಲ್ಲಿ ಜಗತ್ತಿನಲ್ಲಿ ಇವತ್ತಿಗೂ ಉಳಿದಿರುವುದು ಇದೊಂದೇ. ಹಡಗಿನ ಮುಂದೆ ಅಡ್ಮಿರಲ್ ಟೋಗೊ ಹೆಇಹಾಚಿರೋ ಅವರ ಪ್ರತಿಮೆಯಿದೆ. ಹಡಗಿನ ಮೂತಿಯನ್ನು ಟೋಕಿಯೋದ ಅರಮನೆಯ ದಿಕ್ಕಿಗೆ ತಿರುಗಿಸಿ ನಿಲ್ಲಿಸಿದ್ದಾರೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಮ್ಯೂಸಿಯಂ ಆದ ಹಡಗು ಉಳಿದುಬಂದ ಹಡಗಲ್ಲ, ಸಂಪಾದಿತ ಹಡಗು. ಮಿಕಾಸಾಗೆ ಎರಡು ಆವೃತ್ತಿಗಳಿವೆ, ಒಂದು 1926ರದು, ಇನ್ನೊಂದು 1961ರದು. ಎರಡರ ಸಂಪಾದಕರೂ ಅದರ ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಸೇವೆಯಿಂದ ಒಂದೇ ಒಂದು ದಿನವನ್ನು ಮೂಲಪಾಠವೆಂದು ಆರಿಸಿಕೊಂಡರು. ಆ ಆಯ್ಕೆ ತಪ್ಪೆಂದು ನಾನು ಹೇಳುತ್ತಿಲ್ಲ. ಆದರೆ ಆಯ್ಕೆ ಮಾಡಿದ್ದೇವೆ ಎಂಬುದನ್ನು ಆವೃತ್ತಿ ತೋರಿಸಬೇಕು. ತೋರಿಸದಿದ್ದರೆ ಓದುಗ ಸಂಪಾದಕನ ಮಾತನ್ನೇ ಕವಿಯ ಮಾತೆಂದು ನಂಬಿಬಿಡುತ್ತಾನೆ.

ಮೂಲಪಾಠದ ವಿಷಯದಲ್ಲೇ ಮೊದಲ ತೊಡಕು ಎದುರಾಗುತ್ತದೆ. ಜಪಾನಿನ ಹೆಮ್ಮೆಯ ಈ ಹಡಗು ಹುಟ್ಟಿದ್ದು ಜಪಾನಿನಲ್ಲಲ್ಲ. ಇಂಗ್ಲೆಂಡಿನ ಬ್ಯಾರೋ ಇನ್ ಫರ್ನೆಸ್‌ನಲ್ಲಿದ್ದ ವಿಕರ್ಸ್ ಕಂಪನಿಯ ಕಟ್ಟೆಯಲ್ಲಿ 1899ರಲ್ಲಿ ಕೆಲಸ ಶುರುವಾಗಿ, 1900ರ ನವೆಂಬರಿನಲ್ಲಿ ಹಡಗು ನೀರಿಗಿಳಿಯಿತು, 1902ರಲ್ಲಿ ಪೂರ್ಣವಾಯಿತು. ಹದಿನೈದು ಸಾವಿರ ಟನ್ನಿನ ಆಸುಪಾಸಿನ ತೂಕ, ಹನ್ನೆರಡು ಅಂಗುಲದ ನಾಲ್ಕು ದೊಡ್ಡ ಫಿರಂಗಿಗಳು. ಜಪಾನ್ ಆಗ ಹಮ್ಮಿಕೊಂಡಿದ್ದ ದೊಡ್ಡ ನೌಕಾ ವಿಸ್ತರಣೆಗೆ ಚೀನಾದಿಂದ ವಸೂಲಾದ ದಂಡದ ಹಣ ಬೆನ್ನೆಲುಬಾಗಿತ್ತು. 1895ರಲ್ಲಿ ಚೀನಾವನ್ನು ಸೋಲಿಸಿ ಶಿಮೊನೊಸೆಕಿಯಲ್ಲಿ ಮಾಡಿಕೊಂಡ ಒಪ್ಪಂದದಿಂದ ಬಂದ ಹಣ ಅದು. ಹೆಸರು ಮಾತ್ರ ಅಪ್ಪಟ ಜಪಾನಿನದು. ಮಿಕಾಸಾ ಎಂಬುದು ನಾರಾ ಪಟ್ಟಣದ ಒಂದು ಬೆಟ್ಟ. ಎಂಟನೆಯ ಶತಮಾನದಲ್ಲಿ ಚೀನಾಕ್ಕೆ ಹೋಗಿ ಊರಿಗೆ ಮರಳಲಾಗದೆ ಅಲ್ಲಿಯೇ ತೀರಿಕೊಂಡ ಕವಿ ಆಬೆ ನೊ ನಾಕಾಮಾರೊ, ಪರದೇಶದ ಚಂದ್ರನನ್ನು ನೋಡಿ ನೆನೆದದ್ದು ಈ ಬೆಟ್ಟದ ಮೇಲೆ ಮೂಡುತ್ತಿದ್ದ ಚಂದ್ರನನ್ನು. ಚೀನಾದಲ್ಲಿ ಕೂತು ಊರನ್ನು ಹಂಬಲಿಸಿದ ಕವಿಯ ಬೆಟ್ಟದ ಹೆಸರು, ಚೀನಾದ ದಂಡದ ಬಲದಿಂದ ಬೆಳೆದ ನೌಕಾಪಡೆಯ ಹಡಗಿನ ಮೇಲೆ ಬಂದು ಕೂತಿತು. ಕವಿತೆಯ ಹೆಸರುಗಳನ್ನು ಪ್ರಭುತ್ವ ಹೀಗೆ ಎರವಲು ತರುವುದು ನಮಗೂ ಹೊಸದಲ್ಲ.

ಇನ್ನು ಎಲ್ಲರೂ ಓದುವ ಅಧ್ಯಾಯಕ್ಕೆ ಬರೋಣ. 1905ರ ಮೇ 27. ಬಾಲ್ಟಿಕ್ ಸಮುದ್ರದಿಂದ ಹೊರಟು ಆಫ್ರಿಕಾವನ್ನು ಸುತ್ತಿ, ತಿಂಗಳುಗಟ್ಟಲೆ ಪಯಣಿಸಿ ಬಳಲಿದ ರಷ್ಯಾದ ನೌಕಾಬಲವನ್ನು ಟೋಗೊ ಸುಷಿಮಾ ಜಲಸಂಧಿಯಲ್ಲಿ ಎದುರಿಸಿದರು. ಅವರು ನಿಂತಿದ್ದುದು ಮಿಕಾಸಾ ಮೇಲೆ. ಸಾಲಿನ ತುದಿಯಲ್ಲಿದ್ದ ಆ ಹಡಗಿಗೆ ಮೂವತ್ತಕ್ಕೂ ಹೆಚ್ಚು ಗುಂಡುಗಳು ಬಡಿದರೂ ಅದು ಮುಳುಗಲಿಲ್ಲ. ಮರುದಿನ ಮುಗಿಯುವ ಹೊತ್ತಿಗೆ ರಷ್ಯಾದ ನೌಕಾಬಲದಲ್ಲಿ ಹೆಚ್ಚಿನದು ಮುಳುಗಿತ್ತು ಅಥವಾ ಸೆರೆಯಾಗಿತ್ತು. ರಷ್ಯನ್ನರಲ್ಲಿ ಸತ್ತವರು ಸುಮಾರು 5000, ಜಪಾನೀಯರಲ್ಲಿ 117. ಏಷ್ಯಾದ ದೇಶವೊಂದು ಯುರೋಪಿನ ಸಾಮ್ರಾಜ್ಯವನ್ನು ಆಧುನಿಕ ಯುದ್ಧದಲ್ಲಿ ಸೋಲಿಸಿದ ಆ ಸುದ್ದಿ ಕೈರೋದಿಂದ ಕಲ್ಕತ್ತೆಯವರೆಗೆ ಓಡಾಡಿತು.

ಈ ಒಂದು ದಿನಕ್ಕೆ ಸಾಹಿತ್ಯದಲ್ಲಿ ಕನಿಷ್ಠ ಎರಡು ದೊಡ್ಡ ಪಾಠಗಳಿವೆ. ಒಂದು ಅಲೆಕ್ಸೀ ನೊವಿಕೋವ್ ಪ್ರಿಬೋಯ್ ಬರೆದ ರಷ್ಯನ್ ಕಾದಂಬರಿ 'ಸುಷಿಮಾ'. ಸೋತ ನೌಕಾಬಲದ ಒರ್ಯೋಲ್ ಎಂಬ ಹಡಗಿನಲ್ಲಿ ನಾವಿಕನಾಗಿದ್ದು, ಜಪಾನಿನಲ್ಲಿ ಯುದ್ಧಕೈದಿಯಾಗಿದ್ದವನು ಆ ಲೇಖಕ. ಮಿಕಾಸಾ ಅವನಿಗೆ ದೂರದಲ್ಲಿ ಕಾಣುವ, ಬೆಂಕಿ ಉಗುಳುವ ಒಂದು ಆಕಾರ. ಅವನ ಹಡಗಿನ ಒಳಗೆ ಅಧಿಕಾರಿಗಳ ದರ್ಪವಿದೆ, ದುಡಿಯುವವರ ಸಿಟ್ಟಿದೆ. ಇನ್ನೊಂದು 1968ರಿಂದ 1972ರವರೆಗೆ ಜಪಾನಿನ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದ ಶಿಬಾ ರ್‍ಯೋತಾರೋ ಅವರ ಬೃಹತ್ ಕಾದಂಬರಿ, 'ಬೆಟ್ಟದ ಮೇಲಿನ ಮೋಡ' ಎಂಬರ್ಥದ ಹೆಸರಿನದು. ಕದನದ ಯೋಜನೆ ರೂಪಿಸಿದ ಅಕಿಯಾಮಾ ಸನೆಯುಕಿ ಅದರ ನಾಯಕರಲ್ಲಿ ಒಬ್ಬ. ಬಡ ದೇಶವೊಂದು ಮೈಮುರಿದು ದುಡಿದು ಆಧುನಿಕವಾದ ಕಥೆಯಾಗಿ ಅಲ್ಲಿ ಸುಷಿಮಾ ಬರುತ್ತದೆ. ಈಗಿನ ಮಿಕಾಸಾ ಎರಡನೆಯ ಪಾಠಕ್ಕೆ ಹತ್ತಿರವಾದದ್ದು. ಆದರೆ ಶಿಬಾ ಅವರಿಗೇ ಈ ವಿಷಯದಲ್ಲಿ ಅಳುಕಿತ್ತು. ಯುದ್ಧದ ವೈಭವೀಕರಣವೆಂದು ಜನ ತಿಳಿದುಕೊಂಡಾರು ಎಂದು ಅವರು ಬದುಕಿರುವವರೆಗೂ ಆ ಕಾದಂಬರಿಯನ್ನು ತೆರೆಗೆ ತರಲು ಒಪ್ಪಲಿಲ್ಲ. ಅದು ಟಿವಿ ಧಾರಾವಾಹಿಯಾದದ್ದು ಅವರು ತೀರಿಕೊಂಡ ಮೇಲೆ, 2009ರಿಂದ 2011ರ ನಡುವೆ. ಬರಹಗಾರನ ಆ ಅಳುಕು ಒಂದು ಅಡಿಟಿಪ್ಪಣಿ. ಪುಸ್ತಕದ ಅಂಚಿನಲ್ಲಿ ಅಂಥದ್ದಕ್ಕೆ ಜಾಗವಿದೆ. ಉಕ್ಕಿನ ಹಡಗಿಗೆ ಅಂಚೇ ಇಲ್ಲ.

ಮೂರನೆಯ ದನಿಯೊಂದೂ ಇದೆ. ಸುಷಿಮಾಕ್ಕೆ ಎಂಟು ತಿಂಗಳು ಮೊದಲು, 1904ರ ಸೆಪ್ಟೆಂಬರಿನಲ್ಲಿ, ಕವಯಿತ್ರಿ ಯೊಸಾನೊ ಅಕಿಕೊ ರಣರಂಗದಲ್ಲಿದ್ದ ತಮ್ಮನಿಗೆ, ಸಾಯಬೇಡ ಎಂದು ಕೇಳಿಕೊಳ್ಳುವ ಕವಿತೆ ಪ್ರಕಟಿಸಿದರು. ಓಮಾಚಿ ಕೆಯ್‌ಗೆತ್ಸು ಎಂಬ ವಿಮರ್ಶಕ ಅದನ್ನು ದೇಶದ್ರೋಹವೆಂದು ಹರಿಹಾಯ್ದ. ಗೆದ್ದ ದೇಶದ ಒಳಗೇ ಇದ್ದ ಪಾಠಾಂತರ ಇದು. ವಿಜಯದ ಹೊತ್ತಿನಲ್ಲಿ ಎಲ್ಲರೂ ಒಂದೇ ದನಿಯಲ್ಲಿ ಮಾತಾಡಿದರು ಎಂಬ ಭ್ರಮೆಯನ್ನು ಒಡೆಯಲು ಇದೊಂದೇ ಸಾಕು.

ಈಗ ಕಳೆದುಹೋದ ಗರಿಯ ಮಾತು. ರಷ್ಯಾ ಮತ್ತು ಜಪಾನ್ ನಡುವೆ ಶಾಂತಿ ಒಪ್ಪಂದವಾದದ್ದು 1905ರ ಸೆಪ್ಟೆಂಬರ್ 5ರಂದು. ಒಂದು ವಾರ ತುಂಬುವುದರೊಳಗೆ, ಸಾಸೆಬೊ ಬಂದರಿನಲ್ಲಿ ಲಂಗರು ಹಾಕಿ ನಿಂತಿದ್ದ ಮಿಕಾಸಾದಲ್ಲಿ ರಾತ್ರಿ ಬೆಂಕಿ ಹೊತ್ತಿ, ಮದ್ದಿನ ಕೋಣೆ ಸ್ಫೋಟಿಸಿ, ಹಡಗು ನಿಂತಲ್ಲೇ ಮುಳುಗಿತು. ಇನ್ನೂರೈವತ್ತಕ್ಕೂ ಹೆಚ್ಚು ನಾವಿಕರು ಸತ್ತರು. ಈ ಸಂಖ್ಯೆಯನ್ನು ಹಿಂದಿನದರ ಪಕ್ಕ ಇಟ್ಟು ನೋಡಿ. ಸುಷಿಮಾ ಕದನದಲ್ಲಿ ಇಡೀ ಜಪಾನಿ ನೌಕಾಬಲ ಕಳೆದುಕೊಂಡದ್ದು 117 ಜನರನ್ನು. ಯುದ್ಧ ಮುಗಿದ ಮೇಲೆ, ಶತ್ರುವೇ ಇಲ್ಲದ ಬಂದರಿನಲ್ಲಿ, ಇದೊಂದೇ ಹಡಗಿನಲ್ಲಿ ಅದರ ಎರಡು ಪಟ್ಟಿಗಿಂತ ಹೆಚ್ಚು ಜನ ಹೋದರು. ಮರುವರ್ಷ ಹಡಗನ್ನು ಮೇಲೆತ್ತಿ, ದುರಸ್ತಿ ಮಾಡಿ, 1908ರಲ್ಲಿ ಮತ್ತೆ ಸೇವೆಗೆ ಸೇರಿಸಿದರು. ಅಂದರೆ ಮುಂದೆ ಸ್ಮಾರಕವಾದ ಹಡಗು ಸುಷಿಮಾದಲ್ಲಿ ಹೋರಾಡಿದ ಹಡಗು ಮಾತ್ರವಲ್ಲ, ತನ್ನವರನ್ನೇ ಸುಟ್ಟು ಮುಳುಗಿ, ನೀರಿನಡಿಯಿಂದ ಎದ್ದುಬಂದ ಹಡಗು ಕೂಡ.

ಸಾಸೆಬೊದ ಸಾವುಗಳು ಗುಟ್ಟೇನಲ್ಲ. ಹಡಗಿನ ಚರಿತ್ರೆ ಬರೆದವರೆಲ್ಲ ಒಂದೆರಡು ಸಾಲಿನಲ್ಲಿ ಅದನ್ನು ಹೇಳುತ್ತಾರೆ. ನನ್ನ ಪ್ರಶ್ನೆ ರೂಪದ ಬಗ್ಗೆ. ಕಥನದ ಶಿಖರ ಎಲ್ಲಿದೆ, ಯಾವ ದಿನಾಂಕಕ್ಕೆ ಸಮಾರಂಭವಿದೆ, ಹಡಗನ್ನು ಯಾವ ದಿನದ ರೂಪಕ್ಕೆ ತಂದು ನಿಲ್ಲಿಸಿದ್ದಾರೆ? ಎಲ್ಲದಕ್ಕೂ ಒಂದೇ ಉತ್ತರ, ಮೇ 27. ಕದನದಲ್ಲಿ ಸತ್ತವನ ಸಾವಿಗೆ ಅರ್ಥವಿದೆ, ಅಪಘಾತದಲ್ಲಿ ಸತ್ತವನ ಸಾವಿಗೆ ಅಂಕಿಯಷ್ಟೇ ಇದೆ ಎಂಬ ತೀರ್ಪನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನು ರೂಪವೇ ಹೇಳಿಬಿಡುತ್ತದೆ.

ಮೊದಲ ಆವೃತ್ತಿಯ ಕಥೆಯಲ್ಲಿ ಒಂದು ವ್ಯಂಗ್ಯವಿದೆ. 1922ರ ವಾಷಿಂಗ್ಟನ್ ನೌಕಾ ಒಪ್ಪಂದದ ಪ್ರಕಾರ ಜಪಾನ್ ಕೆಲವು ಹಳೆಯ ನೌಕೆಗಳನ್ನು ಕೈಬಿಡಬೇಕಿತ್ತು. ಮಿಕಾಸಾ ಆ ಪಟ್ಟಿಯಲ್ಲಿತ್ತು. ಸ್ಮಾರಕವಾಗಿ ಉಳಿಸಿಕೊಳ್ಳುತ್ತೇವೆ ಎಂಬ ಜಪಾನಿನ ಕೋರಿಕೆಗೆ ಉಳಿದ ದೇಶಗಳು ಒಪ್ಪಿದವು, ಆದರೆ ಅದು ಎಂದೂ ಯುದ್ಧಕ್ಕೆ ಮರಳದಂತೆ ಒಡಲನ್ನು ಕಾಂಕ್ರೀಟಿನಲ್ಲಿ ಹೂಳಬೇಕು ಎಂಬ ಷರತ್ತಿನ ಮೇಲೆ. ಹೀಗೆ ಯುದ್ಧದ ಸ್ಮಾರಕವಾಗಿ ನಾವು ನೋಡುವ ವಸ್ತು ಹುಟ್ಟಿದ್ದು ನಿಶ್ಶಸ್ತ್ರೀಕರಣದ ಒಪ್ಪಂದದಿಂದ. 1926ರ ನವೆಂಬರ್ 12ರಂದು ಯುವರಾಜ ಹಿರೋಹಿಟೊ ಮತ್ತು ವೃದ್ಧ ಟೋಗೊ ಇಬ್ಬರ ಸಮ್ಮುಖದಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಮರುತಿಂಗಳೇ ಆ ಯುವರಾಜ ಚಕ್ರವರ್ತಿಯಾದ. ಮುಂದಿನ ಇಪ್ಪತ್ತು ವರ್ಷ ಆ ಹೆಸರಿನಲ್ಲಿ ಏಷ್ಯಾದ ಮೇಲೆ ಏನೇನು ನಡೆಯಿತೆಂದು ನಮಗೆ ಗೊತ್ತಿದೆ. ಕಾಂಕ್ರೀಟು ಹಡಗನ್ನು ಕಟ್ಟಿಹಾಕಿತು. ಅದು ಹೇಳುತ್ತಿದ್ದ ಕಥೆಯನ್ನು ಕಟ್ಟಿಹಾಕಲು ಅದರಿಂದ ಆಗಲಿಲ್ಲ.

1945ರ ಸೋಲಿನ ನಂತರದ ಅಧ್ಯಾಯ ನನಗೆ ಎಲ್ಲಕ್ಕಿಂತ ಕುತೂಹಲದ್ದು. ಹಡಗನ್ನು ಪೂರ್ತಿ ಒಡೆಯಬೇಕೆಂದು ಸೋವಿಯತ್ ಕಡೆಯವರು ಪಟ್ಟುಹಿಡಿದರು. ನಲವತ್ತು ವರ್ಷದ ಹಿಂದಿನ ಸೋಲು ಅವರಿಗೂ ಮರೆತಿರಲಿಲ್ಲ. ಕೊನೆಗೆ ಫಿರಂಗಿಗಳು, ಕೂವೆಕಂಬಗಳು, ಮೇಲಿನ ಕಟ್ಟಡ ಎಲ್ಲ ಹೋಗಿ ಬೋಳು ಒಡಲು ಉಳಿಯಿತು. ಆ ಒಡಲಿನ ಮೇಲೆ ಮೀನುಗಳ ಅಕ್ವೇರಿಯಂ ಬಂತು, ನೃತ್ಯಶಾಲೆ ಬಂತು. ಟೋಗೊ ನಿಂತು ಆಜ್ಞೆ ಕೊಟ್ಟ ಹಡಗಿನಲ್ಲಿ ಜನ ಸಂಗೀತಕ್ಕೆ ಹೆಜ್ಜೆ ಹಾಕಿದರು. ಉಳಿದ ಲೋಹವನ್ನು ಕಳ್ಳರು ಕಿತ್ತುಕೊಂಡು ಹೋದರು. ಮಿಕಾಸಾ ಬಗೆಗಿನ ಬರಹಗಳಲ್ಲಿ ಈ ಕಾಲ ಯಾವಾಗಲೂ ಅವಮಾನದ ಕಾಲ. ಅವಮಾನ ಎಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಕಲುಗಾರರು ಸೇರಿಸಿದ್ದನ್ನೆಲ್ಲ ಪ್ರಕ್ಷಿಪ್ತವೆಂದು ತೆಗೆದು ಎಸೆದರೆ, ಪಠ್ಯ ಜನರ ನಡುವೆ ಹೇಗೆ ಬದುಕಿತ್ತು ಎಂಬ ಸುಳಿವೂ ಅದರೊಂದಿಗೆ ಹೋಗುತ್ತದೆ ಎಂದು ನಾವು ತರಗತಿಯಲ್ಲಿ ಕಲಿಯುತ್ತೇವಲ್ಲ? ಸೋತು ಹಸಿದ ಪಟ್ಟಣವೊಂದು ತನ್ನ ದೊಡ್ಡ ಸ್ಮಾರಕವನ್ನು ಸಂಜೆಯ ಬೇಸರ ಕಳೆಯಲು ಬಳಸಿಕೊಂಡಿತು ಎಂಬುದು ಚರಿತ್ರೆಯೇ. ಅದೂ ಒಂದು ಓದು, ಬಹುಶಃ ಆ ಹಡಗಿಗೆ ಸಿಕ್ಕ ಮೊದಲ ಅವಿಧೇಯ ಓದು.

ಎರಡನೆಯ ಆವೃತ್ತಿಗೆ ನಾಂದಿ ಹಾಡಿದ್ದು ಪತ್ರಿಕೆಯೊಂದಕ್ಕೆ ಬರೆದ ಕಾಗದ. ಹಡಗು ಹುಟ್ಟಿದ ಅದೇ ಬ್ಯಾರೋ ಪಟ್ಟಣದ ಮೂಲದ ಜಾನ್ ರೂಬಿನ್ ಎಂಬ ವ್ಯಾಪಾರಿ 1955ರಲ್ಲಿ ಜಪಾನ್ ಟೈಮ್ಸ್ ಪತ್ರಿಕೆಗೆ ಹಡಗಿನ ದುಃಸ್ಥಿತಿಯ ಬಗ್ಗೆ ಬರೆದ. ಚಳವಳಿ ಬೆಳೆಯಿತು. ಅದಕ್ಕೆ ದೊಡ್ಡ ಬೆಂಬಲ ಕೊಟ್ಟವರು ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ನೌಕಾಬಲವನ್ನು ಸೋಲಿಸಿದ ಅಮೆರಿಕದ ಅಡ್ಮಿರಲ್ ಚೆಸ್ಟರ್ ನಿಮಿಟ್ಜ್. ಅವರು 1905ರಲ್ಲಿ ಎಳೆಯ ನೌಕಾ ತರಬೇತಿದಾರರಾಗಿ ಟೋಕಿಯೋದಲ್ಲಿ ಟೋಗೊ ಅವರನ್ನು ಕಂಡು ಮಾತಾಡಿಸಿದ್ದವರು. ಬ್ರಿಟನ್ನಿನಲ್ಲೇ ತಯಾರಾಗಿ ಚಿಲಿ ದೇಶಕ್ಕೆ ಸೇವೆ ಸಲ್ಲಿಸಿದ್ದ ಅಲ್ಮಿರಾಂತೆ ಲತೋರೆ ಎಂಬ ಯುದ್ಧನೌಕೆ 1959ರಲ್ಲಿ ಒಡೆಯುವುದಕ್ಕಾಗಿ ಜಪಾನಿಗೆ ಬಂದಿತ್ತು. ಅದರ ಭಾಗಗಳನ್ನು ಮಿಕಾಸಾಗೆ ಜೋಡಿಸಿದರು. ಫಿರಂಗಿಗಳನ್ನು ಪ್ರತಿಕೃತಿಗಳಾಗಿ ಮಾಡಿಸಿದರು. 1961ರ ಮೇ 27ರಂದು ಹಡಗು ಮತ್ತೆ ತೆರೆಯಿತು. 2009ರಲ್ಲಿ ಅದಕ್ಕೆ ಬಣ್ಣ ಬಳಿದವರಲ್ಲಿ ನಿಮಿಟ್ಜ್ ಹೆಸರನ್ನೇ ಹೊತ್ತ ಅಮೆರಿಕದ ವಿಮಾನವಾಹಕ ನೌಕೆಯ ನಾವಿಕರಿದ್ದರು.

ಇಂಗ್ಲೆಂಡಿನ ಒಡಲು, ಚಿಲಿಯ ಬಿಡಿಭಾಗ, ಅಮೆರಿಕದ ಬೆಂಬಲ, ಜಪಾನಿನ ಹೆಸರು. ಹಾಗಾದರೆ ಇದು ಅಸಲಿಯೇ ಎಂದು ಕೇಳಿ ನಗುವುದು ಸುಲಭ. ನಾನು ಆ ದಾರಿ ಹಿಡಿಯುವುದಿಲ್ಲ. ನಮ್ಮ 'ಶೂನ್ಯಸಂಪಾದನೆ'ಯನ್ನು ನೆನೆಯೋಣ. ಹನ್ನೆರಡನೆಯ ಶತಮಾನದ ವಚನಗಳನ್ನು ಮುಂದಿನ ಕಾಲದ ಸಂಪಾದಕರು ಸಂವಾದಗಳಾಗಿ ಜೋಡಿಸಿದರು. ಬೇರೆ ಬೇರೆ ಸಂಪಾದಕರ ಕೈಯಲ್ಲಿ ಆ ಜೋಡಣೆ ಬೇರೆಬೇರೆಯಾಯಿತು. ವಚನ ಅದೇ, ಆದರೆ ಯಾರ ಮಾತಿಗೆ ಉತ್ತರವಾಗಿ ಬಂತು ಎಂಬುದರ ಮೇಲೆ ಅರ್ಥ ಬದಲಾಗುತ್ತದೆ. ಹಾಗೆಂದು ಅದು ಖೋಟಾ ಕೃತಿಯಲ್ಲ. ಅದೊಂದು ಓದು, ತನ್ನ ಹೆಸರಿನಲ್ಲೇ ಸಂಪಾದನೆ ಎಂಬ ಮಾತನ್ನು ಇಟ್ಟುಕೊಂಡ ಓದು. ಮಿಕಾಸಾ ಕೂಡ ಸಂಪಾದನೆಯೇ. ವ್ಯತ್ಯಾಸ ಇಷ್ಟೇ, ಅದು ತನ್ನನ್ನು ಹಾಗೆ ಕರೆದುಕೊಳ್ಳುವುದಿಲ್ಲ.

ದೂರದ ಓದುಗರಾಗಿದ್ದ ಭಾರತೀಯರ ಓದು ಹೇಗೆ ಬದಲಾಯಿತು ಎಂಬುದು ಇಲ್ಲಿ ಉಪಯುಕ್ತ. ಸುಷಿಮಾದ ಸುದ್ದಿಯನ್ನು ಹದಿಹರೆಯದ ನೆಹರೂ ಓದಿದ್ದು ಡೋವರ್‌ನಿಂದ ಹೊರಟ ರೈಲಿನಲ್ಲಿ, ಖುಷಿಯಿಂದ. ಆತ್ಮಕಥೆಯಲ್ಲಿ ಅದನ್ನು ನೆನೆದಿದ್ದಾರೆ. ಅದೇ ನೆಹರೂ ಮುಂದೆ ಸೆರೆಮನೆಯಿಂದ ಮಗಳಿಗೆ ಬರೆದ ಪತ್ರಗಳಲ್ಲಿ, ಆ ಗೆಲುವಿನ ಫಲ ಸಾಮ್ರಾಜ್ಯಶಾಹಿಗಳ ಗುಂಪಿಗೆ ಇನ್ನೊಂದು ದೇಶ ಸೇರಿದ್ದಷ್ಟೇ, ಅದರ ಪೆಟ್ಟು ಮೊದಲು ತಿಂದದ್ದು ಕೊರಿಯಾ ಎಂಬ ಅಭಿಪ್ರಾಯಕ್ಕೆ ಬಂದರು. ಕೊರಿಯಾ ಈ ಪಠ್ಯದ ದೊಡ್ಡ ಮೌನ. ಸುಷಿಮಾಕ್ಕೆ ಮೊದಲು ಟೋಗೊ ನೌಕಾಬಲ ಕಾದು ಕೂತಿದ್ದು ಕೊರಿಯಾದ ಜಿನ್ಹೆ ಕೊಲ್ಲಿಯಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ಕೊರಿಯಾ ಜಪಾನಿನ ರಕ್ಷಿತ ರಾಜ್ಯವಾಯಿತು, 1910ರಲ್ಲಿ ವಸಾಹತಾಯಿತು. ಏಷ್ಯಾದ ವಿಮೋಚನೆಯ ಹಡಗೆಂದು ಕಲ್ಕತ್ತೆಯಲ್ಲಿ ಓದಿಸಿಕೊಂಡದ್ದು ಸೋಲ್ ನಗರದಲ್ಲಿ ಏನೆಂದು ಓದಿಸಿಕೊಂಡಿತು ಎಂದು ಊಹಿಸಲು ಕಷ್ಟವಿಲ್ಲ.

ರವೀಂದ್ರನಾಥ ಟ್ಯಾಗೋರರದೂ ಇಂಥದೇ ಪಯಣ. ಜಪಾನಿನ ಗೆಲುವಿಗೆ ಅವರು ಶಾಂತಿನಿಕೇತನದ ಹುಡುಗರೊಂದಿಗೆ ಮೆರವಣಿಗೆ ಹೊರಟಿದ್ದರೆಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. 1916ರಲ್ಲಿ ಜಪಾನಿಗೇ ಹೋಗಿ ಅವರು ಮಾಡಿದ ಭಾಷಣಗಳು ರಾಷ್ಟ್ರವಾದದ ಕಟುವಿಮರ್ಶೆಗಳು. 1938ರಲ್ಲಿ, ಜಪಾನ್ ಚೀನಾದ ಮೇಲೆ ನಡೆಸುತ್ತಿದ್ದ ಯುದ್ಧವನ್ನು ಸಮರ್ಥಿಸಿದ ಕವಿಮಿತ್ರ ಯೋನೆ ನೊಗುಚಿಗೆ ಅವರು ಪತ್ರಗಳಲ್ಲಿ ನಿಷ್ಠುರವಾಗಿ ಉತ್ತರಿಸಿದರು. ಒಬ್ಬನೇ ಓದುಗ, ಒಂದೇ ಪಠ್ಯ, ಮೂರು ದಶಕಗಳಲ್ಲಿ ಬದಲಾದ ಓದು. ಇಂಥ ಓದುಗನಿಗೆ ಜಾಗ ಕೊಡದ ಮ್ಯೂಸಿಯಂ, ಜನರನ್ನು 1905ರ ಖುಷಿಯಲ್ಲೇ ನಿಲ್ಲಿಸಿಬಿಡುತ್ತದೆ.

ಈ ಮಾತು ಜಪಾನಿನ ಬಗ್ಗೆ ಮಾತ್ರವಲ್ಲ. 1883ರಲ್ಲಿ ಅಣ್ಣ ಸತ್ಯೇಂದ್ರನಾಥರ ಜೊತೆ ಕಾರವಾರದಲ್ಲಿ ತಂಗಿದ್ದ ಟ್ಯಾಗೋರರು ಅಲ್ಲಿ 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದರು. ಅಲ್ಲಿನ ಕಡಲತೀರಕ್ಕೆ ಈಗ ಅವರದೇ ಹೆಸರು. ಆ ತೀರದಲ್ಲೇ ನಮ್ಮ ರಾಜ್ಯದ ಯುದ್ಧನೌಕೆ ಮ್ಯೂಸಿಯಂ ಇದೆ. ಐಎನ್‌ಎಸ್ ಚಪಲ್ ಎಂಬ, ಮಿಕಾಸಾದ ಮುಂದೆ ಆಟಿಕೆಯಂತೆ ಕಾಣುವ ಪುಟ್ಟ ಕ್ಷಿಪಣಿ ನೌಕೆ. ರಾಷ್ಟ್ರವಾದವನ್ನು ಅಷ್ಟು ಅನುಮಾನದಿಂದ ನೋಡಿದ ಕವಿಯ ಹೆಸರಿನ ಮರಳಲ್ಲಿ ಅದು ನಿಂತಿರುವುದು ಯಾರೂ ಬಯಸದೆ ಬಂದೊದಗಿದ ಅಡಿಟಿಪ್ಪಣಿ. ಚಪಲ್ 1971ರ ಯುದ್ಧದಲ್ಲಿ ಕರಾಚಿಯ ಮೇಲೆ ದಾಳಿ ಮಾಡಿತ್ತೆಂದು ಪ್ರವಾಸಿ ಬರಹಗಳಲ್ಲಿ ಆಗಾಗ ಓದುತ್ತೇವೆ. ಆದರೆ ಅದು ನೌಕಾಪಡೆ ಸೇರಿದ್ದು 1976ರಲ್ಲಿ. ಡಿಸೆಂಬರ್ 4ರ ಆ ರಾತ್ರಿ ಕರಾಚಿಯ ಮೇಲೆ ಹೋದ ಕ್ಷಿಪಣಿ ನೌಕೆಗಳು ನಿಪಾತ್, ನಿರ್ಘಾತ್ ಮತ್ತು ವೀರ್. ಹಡಗೊಂದು ಸುಮಾರು ಮೂವತ್ತು ವರ್ಷ ಕಾವಲು ಕಾದು, ಒಂದೂ ಮಹಾಯುದ್ಧ ನೋಡದೆ 2005ರಲ್ಲಿ ನಿವೃತ್ತವಾಯಿತು ಎಂಬ ನಿಜಕ್ಕೆ ಏನು ಕೊರತೆಯಿತ್ತು? ಶಾಂತಿಕಾಲದ ಸೇವೆಯನ್ನು ಕಥೆಯಾಗಿ ಹೇಳುವ ಭಾಷೆ ನಮ್ಮಲ್ಲಿಲ್ಲ, ಅದಕ್ಕೇ ಇನ್ನೊಬ್ಬರ ಕದನವನ್ನು ಅದರ ಹೆಸರಿಗೆ ಬರೆಯುತ್ತೇವೆ. ಸಾಸೆಬೊದಲ್ಲಿ ಸತ್ತವರನ್ನು ಅಂಕಿಯಾಗಿಸಿದ್ದೂ ಭಾಷೆಯ ಇದೇ ಬಡತನ.

ಇಷ್ಟಕ್ಕೂ ಹಡಗು ಪುಸ್ತಕವಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಪುಸ್ತಕದ ಪುಟದಡಿಯಲ್ಲಿ ಪಾಠಾಂತರ ಮುದ್ರಿಸಬಹುದು, ಒಂದೇ ಹಡಗು ಒಂದೇ ಹೊತ್ತಿಗೆ ಯುದ್ಧನೌಕೆಯೂ ನೃತ್ಯಶಾಲೆಯೂ ಆಗಿರಲಾರದು. ಈ ಮಾತಿನಲ್ಲಿ ತೂಕವಿದೆ. 1961ರಲ್ಲಿ ಆ ಜನ ಮಿಕಾಸಾವನ್ನು ಉಳಿಸದೇ ಇದ್ದಿದ್ದರೆ ನಾನು ಓದಲು ಪಠ್ಯವೇ ಇರುತ್ತಿರಲಿಲ್ಲ ಎಂಬುದೂ ನಿಜ. ನಮ್ಮ ಮೊದಲ ವಿಕ್ರಾಂತ್‌ಗೆ ಆದದ್ದನ್ನು ನೋಡಿ. ಮುಂಬಯಿಯಲ್ಲಿ ಕೆಲವು ವರ್ಷ ಮ್ಯೂಸಿಯಂ ಆಗಿದ್ದು, 2014ರಲ್ಲಿ ಗುಜರಿಗೆ ಹೋಯಿತು, ಅದರ ಉಕ್ಕಿನ ಒಂದು ಪಾಲು ಮೋಟಾರ್‌ಸೈಕಲ್ಲಿನ ಟ್ಯಾಂಕಾಯಿತು. ಹೆಸರು 2022ರಲ್ಲಿ ಹೊಸ ಹಡಗಿಗೆ ಹೋಯಿತು. ಉಳಿದ ಕೆಟ್ಟ ಆವೃತ್ತಿ ಕಳೆದುಹೋದ ಒಳ್ಳೆಯ ಹಸ್ತಪ್ರತಿಗಿಂತ ಮೇಲು ಎಂದು ಯಾವ ಸಂಪಾದಕನಾದರೂ ಒಪ್ಪುತ್ತಾನೆ.

ಆದರೆ ಉಳಿಸಿದವರಿಗೆ ಕೃತಜ್ಞರಾಗಿರುವುದು ಬೇರೆ, ಅವರ ಓದಿಗೇ ಕಟ್ಟುಬೀಳುವುದು ಬೇರೆ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯಂಥ ಕೃತಿಗಳಿಂದ ನಾನು ಕಲಿತ ಶಿಸ್ತು ಇದು: ಸಂಪಾದಕ ಒಂದು ಪಾಠವನ್ನು ಮೇಲೆ ಇಡಲೇಬೇಕು, ಇಡದೆ ಪುಸ್ತಕವಾಗುವುದಿಲ್ಲ. ಆದರೆ ತಾನು ಬಿಟ್ಟದ್ದನ್ನು ಪುಟದ ಕೆಳಗೆ, ಚಿಕ್ಕ ಅಕ್ಷರದಲ್ಲಾದರೂ ಉಳಿಸಬೇಕು. ಮುಂದೆ ಬರುವ ಓದುಗ ಅದರಿಂದಲೇ ಬೇರೆ ಆವೃತ್ತಿ ಕಟ್ಟಬಹುದು. ಹಡಗಿನಲ್ಲಿ ಇದು ಅಸಾಧ್ಯವೇನಲ್ಲ. ಚಿಲಿಯ ಹಡಗಿನಿಂದ ಬಂದ ಭಾಗಕ್ಕೆ ಬೇರೆ ಬಣ್ಣ ಹಚ್ಚಬಹುದು. ಅಟ್ಟದ ಮೇಲೆ ಜನ ಕುಣಿದ ಜಾಗವನ್ನು ಒಂದು ಗೆರೆ ಎಳೆದು ತೋರಿಸಬಹುದು. ಸೆಪ್ಟೆಂಬರಿನಲ್ಲೂ ಒಂದು ದಿನ, ಬೆಂಕಿಯಲ್ಲಿ ಹೋದವರಿಗಾಗಿ, ಮೇ 27ರಷ್ಟೇ ಜನ ಸೇರಬಹುದು. ಅಷ್ಟಾದರೆ ಶಾಲೆಯ ಮಕ್ಕಳು ಅದನ್ನು ಹತ್ತಿ ಇಳಿಯುವಾಗ, ಗೆದ್ದವರು ಯಾರು ಎಂಬುದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಮನೆಗೆ ಒಯ್ಯುತ್ತಾರೆ: ಈ ಕಥೆಯನ್ನು ಹೀಗೆಯೇ ಹೇಳಬೇಕೆಂದು ತೀರ್ಮಾನಿಸಿದವರು ಯಾರು?